ಎಡಗೈಯ ಮೂರು ಬೆರಳು

ಹುಲಿಗವ್ವ ಮೊದಲ ಸಲ ನನ್ನ ದವಾಖಾನೆಗೆ ಬಂದಾಗ ಎಡಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ನಾನು ಚರ್ಮರೋಗದ ವೈದ್ಯೆ. ಮೆಡಿಕಲ್ ಕಾಲೇಜಿನಿಂದ ನಿವೃತ್ತಳಾದ ಮೇಲೆ ಕೊಪ್ಪಳದಲ್ಲಿ ಬೆಳಗಿನ ಹೊತ್ತು ಮಾತ್ರ ರೋಗಿಗಳನ್ನು ನೋಡುತ್ತೇನೆ. ಕೈಯನ್ನೋ ಮುಖವನ್ನೋ ಮುಚ್ಚಿಕೊಂಡು ಬರುವವರು ನನಗೆ ಹೊಸಬರಲ್ಲ.

"ಮೊದಲ ಒಂದ ಮಾತ ಹೇಳ್ರಿ ಅಮ್ಮಾರ. ಇದು ದೊಡ್ಡ ರೋಗ ಹೌದೋ ಅಲ್ಲೋ?"

"ಕೈ ತೋರಸದ ಹೆಂಗ ಹೇಳಲಿ?"

ದೊಡ್ಡ ರೋಗ ಎಂದರೆ ನಮ್ಮ ಕಡೆ ಕುಷ್ಠ. ಅದರ ಹೆಸರನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಅವಳು ಕೈಯನ್ನು ಮೇಜಿನ ಮೇಲೆ ಇಟ್ಟಳು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಈ ಮೂರರ ತುದಿಗಳು ದಪ್ಪಗಾಗಿ, ಒಣಗಿ, ಸಿಪ್ಪೆಯೆದ್ದು, ಅಡ್ಡಡ್ಡ ಸೀಳಿದ್ದವು. ಸೀಳಿನ ತಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಪಕ್ಕದ ಎರಡು ಬೆರಳುಗಳಿಗೆ ಏನೂ ಆಗಿರಲಿಲ್ಲ. ಬಲಗೈ ಪೂರ್ತಿ ಚೆನ್ನಾಗಿತ್ತು. ನಾನು ಅವಳಿಗೆ ಹೇಳದೆ ತೋರುಬೆರಳಿಗೆ ಸೂಜಿ ಚುಚ್ಚಿದೆ.

"ಅಯ್ಯ ಯವ್ವಾ! ಕೊಲ್ಲಾಕ ಕುಂತೀರೇನ್ರಿ?"

"ದೊಡ್ಡ ರೋಗ ಇದ್ದಾಕಿ ಹಿಂಗ ಒದರಾಂಗಿಲ್ಲ. ಆ ರೋಗ ಅಲ್ಲ ಇದು."

"ಹಂಗಂತ ಬರದ ಕೊಡ್ರಿ."

ರೋಗ ಏನೆಂದು ಅವಳು ಕೇಳಲಿಲ್ಲ, ಔಷಧವನ್ನೂ ಕೇಳಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಆ ಒಂದು ಸಾಲು. ಯಾಕೆ ಬೇಕಾಗಿತ್ತು ಎನ್ನುವುದೇ ಅವಳ ಜೀವನದ ಕಥೆ.

ಹುಲಿಗವ್ವ ಯಲಬುರ್ಗಾ ಕಡೆಯ ಹೆಣ್ಣು. ಕುಕನೂರಿನಿಂದ ಒಳಗೆ ಹೋಗುವ ಒಂದು ಹಳ್ಳಿಗೆ ಮದುವೆಯಾಗಿ ಬಂದಳು. ಗಂಡ ಹೊಳಿಯಪ್ಪ ಕುಕನೂರಿನ ಬಜಾರದಲ್ಲಿ ಹಮಾಲಿ ಮಾಡುತ್ತಾನೆ. ಅವರ ಮನೆ ಊರ ಹೊರಗಿನ ಕೇರಿಯಲ್ಲಿದೆ. ಈ ಮಾತನ್ನು ಬಿಟ್ಟು ಮುಂದಿನದನ್ನು ಹೇಳಲಿಕ್ಕೆ ಬರುವುದಿಲ್ಲ. ಸಾಲೆಯಲ್ಲಿ ಬಿಸಿಯೂಟ ಶುರುವಾದಾಗ ಅವಳನ್ನು ಮುಖ್ಯ ಅಡುಗೆಯವಳನ್ನಾಗಿ ತೆಗೆದುಕೊಂಡರು. ನೇಮಕದ ನಿಯಮ ಹಾಗಿತ್ತು, ಊರವರ ಇಚ್ಛೆ ಹಾಗಿರಲಿಲ್ಲ. ಮೊದಲ ವರ್ಷ ಊರೊಳಗಿನ ಬಹಳಷ್ಟು ಮಕ್ಕಳು ಊಟದ ಗಂಟೆ ಬಾರಿಸಿದ ಕೂಡಲೇ ಮನೆಗೆ ಓಡುತ್ತಿದ್ದವು. ಕೆಲವು ಡಬ್ಬಿ ತರುತ್ತಿದ್ದವು. ಹುಲಿಗವ್ವ ಯಾರ ಹತ್ತಿರವೂ ಜಗಳ ಮಾಡಲಿಲ್ಲ, ದೂರು ಕೊಡಲಿಲ್ಲ. ಅವಳು ಮಾಡಿದ್ದು ಸಾರು. ಹುರಿದ ಶೇಂಗಾದ ಪುಡಿ, ಕೆಂಪು ಖಾರ, ಕೈ ಬಿಚ್ಚಿ ಹಾಕಿದ ಬೆಳ್ಳುಳ್ಳಿಯ ಒಗ್ಗರಣೆ. ಅದರ ವಾಸನೆ ಮೊದಲು ತರಗತಿಯೊಳಗೆ ಹೋಯಿತು. ಆಮೇಲೆ ಡಬ್ಬಿ ತಂದ ಹುಡುಗರು ಡಬ್ಬಿಯ ಮುಚ್ಚಳದಲ್ಲಿ ಕದ್ದು ಸಾರು ಹಾಕಿಸಿಕೊಂಡರು. ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಡಬ್ಬಿಗಳು ಬರುವುದು ನಿಂತಿತು. ಆ ಹುಡುಗರೇ ಈಗ ದೊಡ್ಡವರಾಗಿ ತಮ್ಮ ಮಕ್ಕಳನ್ನು ಅದೇ ಸಾಲೆಗೆ ಕಳಿಸುತ್ತಾರೆ. ಮಕ್ಕಳು ಅವಳನ್ನು ಆಯಿ ಎಂದು ಕರೆಯುತ್ತಾರೆ. ಅವರ ಮನೆಯ ಹಿರಿಯರು ಇವತ್ತಿಗೂ ಅವಳ ಕೈಯಿಂದ ನೀರು ಕುಡಿಯುವುದಿಲ್ಲ. ಊರಿನಲ್ಲಿ ಇವಳ ಕೈಯನ್ನು ಒಪ್ಪಿದ ಜಾಗ ಅದೊಂದೇ, ಆ ಸಾಲೆಯ ಜಗಲಿ.

ಬೆರಳು ಒಡೆದಾಗ ಅಪಾಯಕ್ಕೆ ಸಿಕ್ಕಿದ್ದು ಆ ಜಗಲಿ.

ಮೊದಲು ನೋಡಿದವಳು ನೇತ್ರಾವತಿ, ಸಹಾಯಕ ಅಡುಗೆಯವಳು. ಊರೊಳಗಿನ ಮನೆಯವಳು, ಹುಲಿಗವ್ವನಿಗಿಂತ ಬಹಳ ಚಿಕ್ಕವಳು. ಆದರೂ ಅವಳು ಹುಲಿಗವ್ವನಿಗೆ 'ನೀ' ಅನ್ನುತ್ತಾಳೆ, ಹುಲಿಗವ್ವ ಅವಳಿಗೆ 'ರಿ' ಹಚ್ಚಿ ಮಾತಾಡುತ್ತಾಳೆ. "ನಿನ್ನ ಕೈ ಯಾಕ ಹಂಗ ಹುಳ ತಿಂದ ಬದನಿಕಾಯಿ ಆಗೇತಿ?" ಎಂದಳಂತೆ. ಆ ಮಾತು ಮನೆಮನೆಗೆ ಹೋಯಿತು. ಆಮೇಲೆ ಒಂದು ಮಗು ತಾಟು ಮುಂದೆ ಮಾಡಲಿಲ್ಲ. "ನಮ್ಮವ್ವ ಬ್ಯಾಡ ಅಂದಾಳ, ನೇತ್ರಕ್ಕ ನೀಡಲಿ" ಎಂದಿತು. ಮರುದಿನ ಇನ್ನೂ ಕೆಲವು ತಾಟುಗಳು ಹಿಂದೆ ಸರಿದವು. ಮುಖ್ಯೋಪಾಧ್ಯಾಯಿನಿ ಸುರೇಖಾ ಟೀಚರು ಒಳ್ಳೆಯವರು, ಅಂಜುಬುರುಕರು. ಅವರೇ ಅವಳನ್ನು ನನ್ನ ಹತ್ತಿರ ಕಳಿಸಿದ್ದು.

ಕುಷ್ಠವಲ್ಲ ಎಂದು ಬರೆದುಕೊಟ್ಟೆ. ಅಷ್ಟಕ್ಕೇ ಎದ್ದು ಹೊರಟವಳನ್ನು ಕೂರಿಸಿದೆ.

"ರೋಗ ಏನಂತ ತಿಳಕೊಳ್ಳಾಕ ಬ್ಯಾಡೇನು?"

"ದೊಡ್ಡದಲ್ಲಂದ ಮ್ಯಾಲೆ ಸಣ್ಣದ ಇರಬೇಕಲ್ರಿ. ಸಣ್ಣದಕ್ಕ ಯಾಕ ಬಸ್ ಚಾರ್ಜು ಹಾಕ್ಕೊಂಡ ಬರ್ಲಿ?"

ಚರ್ಮಕ್ಕೆ ಒಗ್ಗದ ಯಾವುದೋ ವಸ್ತುವಿನಿಂದ ಬಂದ ರೋಗ ಎಂದು ನನ್ನ ಅನುಮಾನ. ಅಂಥ ವಸ್ತುವನ್ನು ಹುಡುಕುವುದು ನಿಧಾನದ ಕೆಲಸ. ಯಂತ್ರದಲ್ಲಿ ಅದು ಕಾಣಿಸುವುದಿಲ್ಲ, ರಕ್ತದಲ್ಲಿ ಸಿಗುವುದಿಲ್ಲ. ಗಂಗಾವತಿಯ ಗೌಂಡಿಯ ಕೈಗೆ ಸಿಮೆಂಟು, ಕುಷ್ಟಗಿಯ ಗೃಹಿಣಿಯ ಹಣೆಗೆ ಅಂಟಿಸುವ ಟಿಕಳಿ, ಆನೆಗೊಂದಿಯಲ್ಲಿ ಬಾಳೆನಾರಿಗೆ ಬಣ್ಣ ಹಾಕುವವಳ ಮುಂಗೈಗೆ ಆ ಬಣ್ಣ, ಮುದುಕರ ಕಿವಿಯ ಸುತ್ತ ಕೂದಲಿನ ಕರಿಬಣ್ಣ. ಪ್ರತಿಯೊಬ್ಬರೂ ತಾವು ದಿನವೂ ಮುಟ್ಟುವುದನ್ನು ಬಿಟ್ಟು ಬೇರೆಲ್ಲದರ ಮೇಲೆ ಅನುಮಾನ ಪಡುತ್ತಾರೆ. ಬದನೆಕಾಯಿ ತಿಂದೆ, ನಂಜಾಯಿತು ಎನ್ನುತ್ತಾರೆ. ನೀರು ಬದಲಾಯಿತು ಎನ್ನುತ್ತಾರೆ. ಹುಲಿಗವ್ವನಿಗೂ ಹಾಗೇ. ಪಾತ್ರೆ ತಿಕ್ಕುವ ಪುಡಿ ಅಂದಳು. ಬೋರಿನ ನೀರು ಅಂದಳು. ಕೇರಿಯವರು ನಾಗರ ದೋಷ ಅಂದರು, ಅದಕ್ಕೂ ಒಂದು ಹರಕೆ ತೀರಿಸಿದ್ದಳು.

"ಕೈಗೆ ಏನ ಹಚ್ಕೊಳ್ತಿ?" ಎಂದು ಕೇಳಿದೆ.

"ಏನೂ ಹಚ್ಚಾಂಗಿಲ್ರಿ. ಮೆಹಂದಿ ಇಲ್ಲ, ಉಗುರಿಗೆ ಬಣ್ಣ ಇಲ್ಲ. ಆ ನಮೂನಿ ಹೆಂಗಸಲ್ರಿ ನಾ."

"ಬ್ಯಾಸಗಿ ರಜಾದಾಗ ಸಾಲಿ ಅಡಗಿ ಇರಾಂಗಿಲ್ಲಲ್ಲ. ಆವಾಗ ಕಡಿಮಿ ಆಗಿತ್ತೇನು?"

"ಇಲ್ರಿ. ಹಂಗ ಇತ್ತು. ಒಂದೊಂದ ದಿನ ಜಾಸ್ತಿನ."

ಈ ಎರಡನೆಯ ಉತ್ತರ ಮುಖ್ಯವಾದದ್ದು. ಕೆಲಸದಿಂದ ಬಂದ ರೋಗ ಕೆಲಸ ನಿಂತಾಗ ಇಳಿಯಬೇಕು. ಇಳಿಯದಿದ್ದರೆ ಕಾರಣ ಮನೆಯಲ್ಲಿದೆ ಎಂದು ಅರ್ಥ. ಆದ್ದರಿಂದ ಅಡುಗೆಯನ್ನು ಬದಿಗಿಟ್ಟು ಸೋಪು, ಚಪ್ಪಲಿಯ ರಬ್ಬರು, ಬಳೆ, ವಾಸನೆ ಎಣ್ಣೆ ಇವುಗಳ ಕಡೆ ನೋಡಿದೆ. ಅನುಮಾನದ ವಸ್ತುಗಳನ್ನು ಚೂರು ಚೂರು ಪಟ್ಟಿಯಲ್ಲಿ ಹಾಕಿ ಬೆನ್ನಿಗೆ ಅಂಟಿಸಿ, ಎರಡು ದಿನ ಬಿಟ್ಟು ತೆಗೆದು ನೋಡುವ ಪರೀಕ್ಷೆ ಒಂದಿದೆ. ಒಗ್ಗದ ವಸ್ತುವಿನ ಜಾಗದಲ್ಲಿ ಚರ್ಮ ಕೆಂಪಾಗಿ ಉಬ್ಬುತ್ತದೆ. ಪಟ್ಟಿ ಹಚ್ಚಿಸಿಕೊಂಡು ಹೋದವಳು ಬೆನ್ನಿಗೆ ನೀರು ತಾಗಿಸಲಿಲ್ಲ, ಬೆವರು ಬರುವ ಕೆಲಸ ಮಾತ್ರ ಬಿಡಲಿಲ್ಲ. ಅರ್ಧ ಪಟ್ಟಿಗಳು ಜಾರಿದ್ದವು. ಬೈದು ಮತ್ತೆ ಹಚ್ಚಿದೆ. ಎರಡನೆಯ ಸಲ, ಅಗ್ಗದ ಒಡವೆಗಳಲ್ಲಿರುವ ನಿಕ್ಕಲ್ ಲೋಹ ಹಚ್ಚಿದ ಜಾಗ ಒಂದೇ ಕೆಂಪಾಗಿತ್ತು.

"ಅದಾ ಕಳ್ಳ ಸಿಕ್ಕನ್ರಿ?"

"ಸಿಕ್ಕಿಲ್ಲ. ಜಾತ್ರ್ಯಾಗ ಕೊಂಡ ಬೆಂಡೋಲಿ ಹಾಕ್ಕೊಂಡ್ರ ಕಿವಿ ಸೋರತಿತ್ತೇನು?"

"ಹೌದ್ರಿ! ನಿಮಗ ಹೆಂಗ ಗೊತ್ತಾತು?"

"ಇದು ಕಿವಿ ಕಳ್ಳ. ಬೆರಳಿನ ಕಳ್ಳ ಬ್ಯಾರೆ ಅದಾನ."

ಕೆಂಪಾದದ್ದೆಲ್ಲ ಉತ್ತರವಲ್ಲ. ಹೊಸ ವೈದ್ಯರು ಎಡವುವುದು ಇಲ್ಲೇ. ನಾನು ಅವಳನ್ನು ಎದ್ದು ನಿಲ್ಲಿಸಿ, ಬೆಳಿಗ್ಗೆಯಿಂದ ಏನೇನು ಕೆಲಸ ಮಾಡುತ್ತಾಳೋ ಅದನ್ನೆಲ್ಲ ಕೈಯಲ್ಲಿ ಏನೂ ಇಲ್ಲದೆ ಮಾಡಿ ತೋರಿಸು ಎಂದೆ. ಹುಚ್ಚಿಯನ್ನು ನೋಡುವಂತೆ ನನ್ನನ್ನು ನೋಡಿದಳು. ಆಮೇಲೆ ನೆಲದ ಮೇಲೆ ಕುಳಿತು ಶುರುಮಾಡಿದಳು. ಕಸ ಗುಡಿಸಿದಳು. ಅಕ್ಕಿ ಕೇರಿದಳು. ಈಳಿಗೆಗೆ ಕಾಲು ಕೊಟ್ಟು ಉಳ್ಳಾಗಡ್ಡಿ ಹೆಚ್ಚಿದಳು, ಅದಕ್ಕೆ ಐದು ಬೆರಳೂ ಬೇಕು. ಆಮೇಲೆ ಬೆಳ್ಳುಳ್ಳಿ. ಕಾಣದ ಗಡ್ಡೆಯನ್ನು ಒಡೆದು, ಒಂದೊಂದೇ ಎಸಳಿನ ತಳವನ್ನು ಈಳಿಗೆಯ ಬಾಯಿಗೆ ತಾಗಿಸಿ ಕತ್ತರಿಸಿ, ಎಡಗೈಯ ಮೂರು ಬೆರಳುಗಳಲ್ಲಿ ಗಟ್ಟಿಯಾಗಿ ಹಿಡಿದು, ಬಲಗೈಯ ಉಗುರಿನಿಂದ ಸಿಪ್ಪೆ ಎಳೆದಳು. ಮತ್ತೊಂದು. ಮತ್ತೊಂದು. ಉಂಗುರ ಬೆರಳೂ ಕಿರುಬೆರಳೂ ಮಡಚಿಕೊಂಡೇ ಇದ್ದವು.

"ದಿನಾ ಎಷ್ಟ ಸುಲಿತಿ?"

"ಒಂದ ಕೇರೋ ಮರ ತುಂಬ ಆಕ್ಕಾವ್ರಿ. ಬಳ್ಳೊಳ್ಳಿ ಇಲ್ಲದ ಸಾರು ಹುಡುಗ್ರು ಮುಟ್ಟಾಂಗಿಲ್ರಿ. ಯಾಕ್ರಿ?"

"ರಜಾದಾಗ ಮನ್ಯಾಗ ಸುಲಿತಿದ್ದೇನು?"

"ಇಬ್ಬರಿಗಿ ಎಷ್ಟ ಬೇಕ್ರಿ? ಎರಡ ಎಸಳು." ನನಗೆ ತಿಳಿಯದ ವಿಷಯ ಹೇಳಿಕೊಡುವವಳಂತೆ ನಕ್ಕಳು. "ಮತ್ತ ಬೆರಳಿಗಿ ಕಟ್ಟಾಕ ಒಂದ ಗಡ್ಡಿ. ಬಳ್ಳೊಳ್ಳಿ ಜಜ್ಜಿ, ಕುಸುಬಿ ಎಣ್ಣಿ ಬೆಚ್ಚಗ ಮಾಡಿ ಕಲಸಿ, ಅರಬಿ ಸುತ್ತಿ ಮಲಗತೀನ್ರಿ. ನಮ್ಮವ್ವನ ಕಾಲದಿಂದ ಒಡಕಿಗೆ ಅದ ಮದ್ದು."

"ಕೈಗೆ ಏನೂ ಹಚ್ಚಾಂಗಿಲ್ಲ ಅಂದಿದ್ದಿ?"

"ಅದು ಹಚ್ಚೋದಲ್ರಿ ಅಮ್ಮಾರ, ಮದ್ದು! ಹಚ್ಚೋದಂದ್ರ ಸಿಂಗಾರಕ್ಕ ಹಚ್ಚೋದು."

'ಹಚ್ಚುವುದು' ಎಂಬ ಒಂದು ಶಬ್ದವನ್ನು ನಾವಿಬ್ಬರೂ ಬೇರೆ ಬೇರೆಯಾಗಿ ತಿಳಿದಿದ್ದೆವು, ಅದರಿಂದ ಬೇಸಿಗೆಯ ಸುಳಿವು ನನ್ನನ್ನು ದಾರಿ ತಪ್ಪಿಸಿತ್ತು. ಹಗಲು ಸುಲಿದು ಒಡೆದ ಬೆರಳಿಗೆ ರಾತ್ರಿ ಅದನ್ನೇ ಜಜ್ಜಿ ಕಟ್ಟುತ್ತಿದ್ದಳು. ರಜೆಯಲ್ಲಿ ಸುಲಿಯುವುದು ನಿಂತರೂ ಕಟ್ಟುವುದು ನಿಲ್ಲಲಿಲ್ಲ. ನೋವು ಹೆಚ್ಚಾದ ದಿನ ಮದ್ದನ್ನೂ ಹೆಚ್ಚು ಮಾಡಿದಳು.

ಹಸಿ ಬೆಳ್ಳುಳ್ಳಿಯನ್ನು ಯಾರ ಚರ್ಮಕ್ಕೆ ಕಟ್ಟಿದರೂ ಸುಡುತ್ತದೆ. ಅದರಿಂದ ಏನೂ ಸಾಬೀತಾಗುವುದಿಲ್ಲ. ಅದರ ರಸವನ್ನು ಎಣ್ಣೆಯಲ್ಲಿ ಚೆನ್ನಾಗಿ ತೆಳು ಮಾಡಿ ಅವಳ ಬೆನ್ನಿಗೂ ನನ್ನ ತೋಳಿಗೂ ಹಚ್ಚಿದೆ. ನನ್ನ ತೋಳು ಹಾಗೇ ಇತ್ತು. ಅವಳ ಬೆನ್ನು ಕಜ್ಜಿಯೆದ್ದು ಉಬ್ಬಿತು.

"ಇಪ್ಪತ್ತ ವರ್ಷ ಸುಲದೀನ್ರಿ. ಆವಾಗ ಇಲ್ಲದ್ದು ಈಗ್ಯಾಕ?" ಎಂದಳು.

ಎಲ್ಲರೂ ಕೇಳುವ ಪ್ರಶ್ನೆ ಇದು. ಚರ್ಮ ವರ್ಷಗಟ್ಟಲೆ ಸಹಿಸುತ್ತದೆ. ಒಂದು ದಿನ ಸಾಕು ಎಂದು ತೀರ್ಮಾನ ಮಾಡುತ್ತದೆ. ಆಮೇಲೆ ಅದರ ಮನಸ್ಸು ಬದಲಾಗುವುದಿಲ್ಲ. ಹೀಗೆಯೇ ಹೇಳಿದೆ. ಬೇಯಿಸಿದ್ದನ್ನು ತಿನ್ನಬಹುದು. ಹಸಿಯದನ್ನು ಸುಲಿಯಬಾರದು, ಜಜ್ಜಬಾರದು, ಕಟ್ಟಬಾರದು.

"ರಬ್ಬರಿನ ಕೈಗವಸು ಹಾಕ್ಕೊಳ್ಳಲೇನ್ರಿ?"

"ಬಳ್ಳೊಳ್ಳಿ ರಸ ಅದರಾಗೂ ಇಳಿತೈತಿ. ಬ್ಯಾರೆಯವರು ಸುಲದು ಕೊಡ್ಲಿ. ಉಳಿದ ಅಡಗಿ ಎಲ್ಲಾ ನೀನ ಮಾಡು, ನೀನ ನೀಡು."

ವೈದ್ಯಕೀಯವಾಗಿ ಇದಕ್ಕಿಂತ ಸುಲಭದ ಚಿಕಿತ್ಸೆ ಇಲ್ಲ. ಆಪರೇಷನ್ ಇಲ್ಲ, ದುಬಾರಿ ಔಷಧ ಇಲ್ಲ. ಇನ್ನೊಬ್ಬಳು ಬೆಳ್ಳುಳ್ಳಿ ಸುಲಿಯಬೇಕು, ಅಷ್ಟೇ.

ಮನೆಯಲ್ಲಿ ಹೊಳಿಯಪ್ಪ ಸುಲಿದ. ಮೂಟೆ ಹೊತ್ತು ಬಂದ ಕೈ, ಎಸಳು ಹಿಡಿಯಲಿಕ್ಕೆ ಬರುವುದಿಲ್ಲ. ಸಿಪ್ಪೆಯ ಜೊತೆ ಅರ್ಧ ಎಸಳನ್ನೂ ಕಿತ್ತು ಬಿಸಾಡುತ್ತಿದ್ದನಂತೆ. "ನಿನ್ನ ರೋಗಕ್ಕಿಂತ ನಿನ್ನ ಬಳ್ಳೊಳ್ಳಿಗೇ ಭಾಳ ಖರ್ಚು" ಎಂದು ಗೊಣಗಿದನಂತೆ. ಆದರೂ ಸುಲಿದ.

ಸಾಲೆಯಲ್ಲಿ ಹುಲಿಗವ್ವ ಬೆಳ್ಳುಳ್ಳಿಯ ಮೊರವನ್ನು ನೇತ್ರಾವತಿಯ ಮುಂದಿಟ್ಟು, "ನೇತ್ರವ್ವಾರ, ಇವತ್ತಿಂದ ಇದೊಂದ ನೀವು ನೋಡ್ರಿ. ನನಗ ಬಳ್ಳೊಳ್ಳಿ ಆಗಾಂಗಿಲ್ಲಂತ, ಡಾಕ್ಟರಮ್ಮಾರು ಹೇಳ್ಯಾರ. ಬದಲಿ ಭಾಂಡಿ ನಾ ತಿಕ್ಕತೀನಿ" ಎಂದಳು.

ನೇತ್ರಾವತಿ ಮೊರವನ್ನು ಮುಟ್ಟಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, "ಬಳ್ಳೊಳ್ಳಿ ಆಗಾಂಗಿಲ್ಲೇನು? ಯಾವಾಗ ಆಚಾರ್ರ ಮನಿ ಸೊಸಿ ಆದ್ಯವ್ವಾ?" ಎಂದಳು.

"ಹಂಗಲ್ರಿ, ಚರ್ಮಕ್ಕ..."

"ನಾಳಿ ಉಳ್ಳಾಗಡ್ಡಿ ಬ್ಯಾಡ ಅಂತಿ. ನಾಡದು ಮಡಿ ಉಟ್ಕೊಂಡ ಬರ್ತಿ. ನಾವು ನಿನಗ ದೂರ ನಿಂತ ನಮಸ್ಕಾರ ಮಾಡಬೇಕೇನು?"

ನಮ್ಮ ಕಡೆ ಬೆಳ್ಳುಳ್ಳಿ ಬರೀ ಬೆಳ್ಳುಳ್ಳಿಯಲ್ಲ. ಅದನ್ನು ಮುಟ್ಟದವರು ಯಾರು, ತಿನ್ನುವವರು ಯಾರು ಎನ್ನುವುದರಲ್ಲಿ ಇಡೀ ಊರಿನ ಮೇಲು ಕೆಳಗು ಕುಳಿತಿದೆ. ಬ್ರಾಹ್ಮಣರ ಮನೆಯಲ್ಲಿ 'ನಮಗೆ ಬೆಳ್ಳುಳ್ಳಿ ಆಗುವುದಿಲ್ಲ' ಎಂದರೆ ಅದು ಆಚಾರ. ಕೇರಿಯ ಹೆಂಗಸು ಅದೇ ಮಾತನ್ನು ಹೇಳಿದರೆ ಅದು ಸೊಕ್ಕು. ಚರ್ಮಕ್ಕೆ ಆಗುವುದಿಲ್ಲ ಎನ್ನುವ ಮೂರನೆಯ ಅರ್ಥ ಆ ಅಡುಗೆಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಹೊಳೆದರೂ ಬೇಕಾಗಿರಲಿಲ್ಲ. ಚಾವಡಿಯ ಕಟ್ಟೆಯಲ್ಲಿ ಅವಳಿಗೆ 'ಆಚಾರ್ತಿ' ಎಂದು ಹೆಸರು ಬಿತ್ತು. ನೀರಿಗೆ ಹೋದರೆ, "ಸರೀರಿ, ಆಚಾರ್ತಿ ಬಂದ್ಲು, ಮೈಲಿಗಿ ಆದೀತು" ಎಂದು ಹೆಂಗಸರು ದಾರಿ ಬಿಟ್ಟು ನಕ್ಕರು. ಕೇರಿಯವರೂ ನಕ್ಕರು. ಅದು ಅವಳಿಗೆ ಹೆಚ್ಚು ಚುಚ್ಚಿತು.

ಅವಳು ಬಲಗೈಯಲ್ಲಿ ಹಿಡಿದು ಎಡಗೈ ಉಗುರಿನಿಂದ ಸುಲಿಯಲಿಕ್ಕೆ ನೋಡಿದಳು. ಬಲಗೈಯ ಬೆರಳುಗಳೂ ಒಡೆದವು. ಬೆಳ್ಳುಳ್ಳಿ ಹಾಕದೆ ಒಂದು ದಿನ ಸಾರು ಮಾಡಿದಳು. ಮಕ್ಕಳು ಅನ್ನ ಬಿಟ್ಟು ಎದ್ದವು. ತಾಟು ಹಿಂದಕ್ಕೆ ಸರಿಯುವುದು ನಿಲ್ಲಲಿಲ್ಲ, ಈಗ ಎರಡೂ ಕೈಯಲ್ಲಿ ಸೀಳು ಕಾಣುತ್ತಿತ್ತು. ಸುರೇಖಾ ಟೀಚರು ಅವಳನ್ನು ಕರೆದುಕೊಂಡು ಮತ್ತೆ ನನ್ನ ಹತ್ತಿರ ಬಂದರು. "ಡಾಕ್ಟರ್, ಸಾಲಿ ಸಮಿತಿ ಸಭೆ ಐತಿ. ವಿಷಯ ಬಿಡಿಸಿ ಬರದ ಕೊಡ್ರಿ. ನಿಮ್ಮ ಮಾತು ಅಂದ್ರ ಕೇಳ್ತಾರ."

ಬಿಡಿಸಿ ಬರೆದೆ. ಇದು ಅಂಟುವ ರೋಗವಲ್ಲ. ಈಕೆ ಮಾಡಿದ ಅಡುಗೆಯಿಂದ, ಈಕೆ ನೀಡುವುದರಿಂದ ಯಾರಿಗೂ ಏನೂ ಆಗುವುದಿಲ್ಲ. ಹಸಿ ಬೆಳ್ಳುಳ್ಳಿಯ ಸಂಪರ್ಕದಿಂದ ಈಕೆಗೆ ಮಾತ್ರ ಅಲರ್ಜಿ. ಅದನ್ನು ಬೇರೆಯವರು ಸುಲಿದರೆ ಕೈ ಪೂರ್ತಿ ವಾಸಿಯಾಗುತ್ತದೆ. ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ ಬರೆದೆ.

ಸಭೆಯಲ್ಲಿ ನಡೆದದ್ದನ್ನು ಆಮೇಲೆ ಸುರೇಖಾ ಟೀಚರೇ ನನಗೆ ಹೇಳಿದರು. ಸಮಿತಿಯ ಅಧ್ಯಕ್ಷ ವಿರುಪಣ್ಣ. ಚಿಕ್ಕವನಿದ್ದಾಗ ಡಬ್ಬಿಯ ಮುಚ್ಚಳದಲ್ಲಿ ಹುಲಿಗವ್ವನ ಸಾರು ಹಾಕಿಸಿಕೊಂಡ ಹುಡುಗರಲ್ಲಿ ಅವನೂ ಒಬ್ಬ. ಅವನು ಕಾಗದವನ್ನು ಎರಡು ಸಲ ಓದಿದ.

"ಅಲರ್ಜಿ ಅಂದ್ರ ಅಂಟತೈತೇನ್ರಿ ಟೀಚರ?"

"ಇಲ್ರಿ. ಮೊದಲನೇ ಸಾಲಿನ್ಯಾಗ ಬರದಾರಲ್ಲ."

"ಹಂಗಾದ್ರ ಛಲೋ ಆತು. ನಮ್ಮ ಹುಲಿಗವ್ವಗ ದೊಡ್ಡ ರೋಗ ಇಲ್ಲ, ಅಂಟ ರೋಗ ಇಲ್ಲ. ಇನ್ನ ಯಾರೂ ಹಂಗ ಮಾತಾಡಬಾರದು." ಎಲ್ಲರ ಕಡೆ ನೋಡಿದ. ಹುಲಿಗವ್ವ ಬಾಗಿಲ ಹತ್ತಿರ ನಿಂತಿದ್ದಳು. "ಆದ್ರ ಡಾಕ್ಟರು ಬಳ್ಳೊಳ್ಳಿ ಮುಟ್ಟಬಾರದು ಅಂತನೂ ಬರದಾರ. ಬಳ್ಳೊಳ್ಳಿ ಮುಟ್ಟದಾಕಿ ಸಾಲಿ ಅಡಗಿ ಹೆಂಗ ಮಾಡ್ತಾಳ? ನಾಳಿ ಕೈಗೆ ಏನರ ಆದ್ರ ನಮ್ಮ ಮ್ಯಾಲೆ ಬರತೈತಿ. ಆಕಿ ಛಲೋದಕ್ಕ ಹೇಳಾಕತ್ತೀನಿ."

"ನೇತ್ರಾವತಿ ಸುಲದು ಕೊಟ್ರ ಮುಗಿತಲ್ರಿ," ಎಂದರು ಟೀಚರು.

"ನಾ ಯಾಕ ಸುಲದು ಕೊಡ್ಲಿ? ಆಕಿ ಮುಖ್ಯ ಅಡಗಿಯಾಕಿ, ನಾ ಆಕಿ ಕೈಯಾಗಿನ ಆಳೇನ್ರಿ?" ಎಂದಳು ನೇತ್ರಾವತಿ. "ಸುಲದು ಕೊಡಾಕಿ ನಾನ, ರುಬ್ಬಾಕಿ ನಾನ, ಸೌಟ ಹಿಡಿಯಾಕ ಮಾತ್ರ ಆಕಿನಾ?"

ಸಭೆ ಮುಗಿಯಿತು. ನೇತ್ರಾವತಿ ಅಡುಗೆ ಮಾಡುವುದು, ಮಕ್ಕಳಿಗೆ ನೀಡುವುದು. ಹುಲಿಗವ್ವ ಪಾತ್ರೆ ತಿಕ್ಕುವುದು, ನೀರು ತುಂಬುವುದು. ಯಾರೂ ಜಾತಿಯ ಮಾತಾಡಲಿಲ್ಲ. ಮಾತಾಡುವ ಅವಶ್ಯಕತೆ ಬೀಳಲಿಲ್ಲ. ಮೊದಲು ಅವರ ಹತ್ತಿರ ಇದ್ದದ್ದು ಗುಸುಗುಸು. ನಾನು ಕೊಟ್ಟದ್ದು ಸಹಿ ಮತ್ತು ಮೊಹರು ಇರುವ ಸ್ವಚ್ಛವಾದ ಕಾರಣ.

ಪತ್ರವನ್ನು ಬೇರೆ ರೀತಿ ಬರೆದಿದ್ದರೆ ಏನಾಗುತ್ತಿತ್ತು ಎಂದು ಸುರೇಖಾ ಟೀಚರು ಕೇಳಿದರು. ಬೆಳ್ಳುಳ್ಳಿಯ ಹೆಸರು ಬರೆಯದಿದ್ದರೆ ಕೈ ವಾಸಿಯಾಗುತ್ತಿರಲಿಲ್ಲ, ಬರೆದದ್ದಕ್ಕೆ ಅಡುಗೆಯ ಕೆಲಸ ಹೋಯಿತು ಎಂದೆ. ಅವರು ಅತ್ತರು. ಮೇಲಿನವರಿಗೆ ಅರ್ಜಿ ಕೊಡಿ, ನಾನೂ ಬಂದು ಹೇಳುತ್ತೇನೆ ಎಂದೆ. "ಊರಾಗ ನಾನೂ ಇರಬೇಕಲ್ರಿ" ಎಂದರು. ಆಮೇಲೆ ಆ ವಿಷಯ ಎತ್ತಲಿಲ್ಲ. ಹುಲಿಗವ್ವನನ್ನೂ ಕೇಳಿದೆ. "ಅರ್ಜಿ ಕೊಟ್ರ ಸೌಟ ಬರಬಹುದ್ರಿ. ತಾಟ ಬರಬೇಕಲ್ಲ?" ಎಂದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಎರಡೂ ಕೈ ಪೂರ್ತಿ ವಾಸಿಯಾದವು. ಪಾತ್ರೆ ತಿಕ್ಕುವ ಪುಡಿ ಅವಳಿಗೆ ಏನೂ ಮಾಡಲಿಲ್ಲ. ಬೆರಳ ತುದಿ ಮೆತ್ತಗಾಗಿ, ರೇಖೆಗಳು ಎದ್ದು ಕಾಣುತ್ತಿದ್ದವು. ಇಷ್ಟು ಸ್ಪಷ್ಟವಾಗಿ ಗುಣವಾದ ಕೈಯನ್ನು ನಾನು ವಿದ್ಯಾರ್ಥಿಗಳಿಗೆ ತೋರಿಸಬಹುದಾಗಿತ್ತು. ಅವಳು ಅದನ್ನು ನೋಡಿ ಸಂತೋಷಪಡಲಿಲ್ಲ.

"ಛಲೋ ಆಗ್ಯಾವ್ರಿ. ಹುಡುಗ್ರು ಊಟ ಮಾಡೋ ಹೊತ್ತಿಗೆ ನಾ ಹಿಂದ ನಳದ ಹತ್ರ ಇರ್ತೀನಿ. ಖಾಲಿ ತಾಟು ತಂದ ಒಗಿತಾವ. ಆಯಿ ಅಂತಾವ, ಇಲ್ಲ ಅನ್ನಾಂಗಿಲ್ಲ."

"ನೇತ್ರಾವತಿ ಸಾರು ಹೆಂಗೈತಿ?"

"ಬಳ್ಳೊಳ್ಳಿ ಹೊತ್ತಸತಾಳ್ರಿ," ಎಂದಳು. ಅವಳ ಬಾಯಿಂದ ನಾನು ಕೇಳಿದ ಏಕಮಾತ್ರ ಚಾಡಿ ಅದು.

ಚಳಿಗಾಲದಲ್ಲಿ ಅವಳು ಹೇಳದೆ ಕೇಳದೆ ಬಂದಳು. ಈ ಸಲ ಕೈ ಮುಚ್ಚಿಕೊಂಡಿರಲಿಲ್ಲ. ಎಡಗೈಯ ಮೂರೂ ಬೆರಳು ಕೆಂಪಾಗಿ ಊದಿ, ತುದಿಯಲ್ಲಿ ನೀರ್ಗುಳ್ಳೆ ಎದ್ದು ಒಡೆದಿದ್ದವು. ಮೊದಲಿಗಿಂತ ಕೆಟ್ಟದಾಗಿತ್ತು. ಬಿಟ್ಟು ಮತ್ತೆ ಮುಟ್ಟಿದರೆ ಹಾಗೇ ಆಗುತ್ತದೆ.

"ಬಳ್ಳೊಳ್ಳಿ ಮುಟ್ಟೀಯೇನು?"

"ಹೂನ್ರಿ."

ನೇತ್ರಾವತಿ ತಮ್ಮನ ಮದುವೆಗೆ ನವಲಿ ಊರಿಗೆ ಹೋಗಿದ್ದಳು. ಸುರೇಖಾ ಟೀಚರು ಹುಲಿಗವ್ವನನ್ನು ಕರೆದು, "ಎರಡ ದಿನ ನೀನ ಮಾಡಿಬಿಡವಾ. ಬಳ್ಳೊಳ್ಳಿ ಹಾಕಬ್ಯಾಡ, ಬರೀ ಬ್ಯಾಳಿ ಸಾರು ಮಾಡು" ಎಂದಿದ್ದರು. ಅವಳು ಹೂಂ ಅಂದಳು. ಆಮೇಲೆ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಮೊರದ ತುಂಬ ಬೆಳ್ಳುಳ್ಳಿ ಸುಲಿದಳು. ಶೇಂಗಾ ಹುರಿದಳು. ಒಗ್ಗರಣೆ ಕೊಟ್ಟಳು. ಆಗ ಅವಳ ಕೈ ವಾಸಿಯಾಗಿತ್ತು, ನೋಡಲಿಕ್ಕೆ ಅದರಲ್ಲಿ ಏನೂ ಇರಲಿಲ್ಲ. ಸಾಲಿನಲ್ಲಿ ಕುಳಿತ ಮಕ್ಕಳು ತಾಟು ಮುಂದೆ ಹಿಡಿದವು. ಮರುದಿನವೂ ಹಿಡಿದವು. ಮೂರನೆಯ ದಿನ ನೇತ್ರಾವತಿ ತಿರುಗಿ ಬಂದಳು. ಆ ಹೊತ್ತಿಗೆ ಹುಲಿಗವ್ವನ ಬೆರಳಿನಲ್ಲಿ ಗುಳ್ಳೆ ಎದ್ದಿದ್ದವು.

"ಹಿಂಗ ಆಕೈತಿ ಅಂತ ಗೊತ್ತಿತ್ತಲ್ಲ ನಿನಗ?"

"ಗೊತ್ತಿತ್ರಿ."

"ಬಳ್ಳೊಳ್ಳಿ ಬಿಟ್ಟು ಮಾಡಬಹುದಿತ್ತು. ಟೀಚರು ಅದನ್ನ ಹೇಳಿದ್ರು."

"ಮಾಡಬಹುದಿತ್ರಿ. ಆಚಾರ್ತಿ ಸಾರು ಅಂತ ಬಿಟ್ಟ ಏಳತಿದ್ವು." ಊದಿದ ಬೆರಳುಗಳನ್ನು ತಿರುಗಿಸಿ ನೋಡಿಕೊಂಡಳು. "ಎರಡೂ ದಿನ ತಿರುಗಿ ಹಾಕಿಸ್ಕೊಂಡ್ವರಿ. ಬೋಗುಣಿ ಬಳದ ನೀಡಿದೆ."

ಮುಲಾಮು ಬರೆದುಕೊಟ್ಟೆ. ರಾತ್ರಿ ಏನನ್ನೂ ಕಟ್ಟಬಾರದು ಎಂದೆ. ಈ ಬೆರಳುಗಳನ್ನು ಸಾಲೆಯವರು ನೋಡಿದರೆ ಪಾತ್ರೆ ತಿಕ್ಕುವ ಕೆಲಸವೂ ಹೋಗಬಹುದು ಎಂದೆ. ಅದನ್ನು ಅವಳಿಗೆ ನಾನು ಹೇಳಬೇಕಾಗಿರಲಿಲ್ಲ. ನೇತ್ರಾವತಿ ಆಗಲೇ ನೋಡಿದ್ದಳು. ಸೋಮವಾರದಿಂದ ಬರುವುದು ಬೇಡ ಎಂದು ವಿರುಪಣ್ಣ ಹೇಳಿ ಕಳಿಸಿದ್ದ.

"ಮುಂದ?"

"ಹೊಳಿಯಪ್ಪ ಕುಕನೂರಾಗ ಕಾಳ ಹಸನ ಮಾಡೋ ಕೆಲಸ ನೋಡ್ಯಾನ್ರಿ. ಅಲ್ಲಿ ಯಾರೂ ಉಣ್ಣೋದಿರಾಂಗಿಲ್ಲ."

ಅವಳು ಮುಲಾಮಿನ ಚೀಟಿಯನ್ನು ಬಲಗೈಯಲ್ಲಿ ತೆಗೆದುಕೊಂಡು ಎದ್ದಳು.